ಪಾಲಕ್ ಸೊಪ್ಪಿನ ನೈಟ್ ರೇಟು

ಫೋನಿನಲ್ಲಿ ಬಂದಿದ್ದು ಒಂದೇ ಮಾತು. ಅದು ತಾಳ್ಯದ ದೊಡ್ಡತಿಮ್ಮಪ್ಪನ ತಲೆಗೆ ಹೊಕ್ಕು ಗುಂಯ್‌ಗುಡತೊಡಗಿತು.

"ಯಜಮಾನ್ರೇ, ಮಧ್ಯಾಹ್ನ ಬರ್ತೀನಿ. ನಿಮ್ಮ ಪಾಲಕ್‌ನಲ್ಲಿ ನೈಟ್ರೇಟ್ ಕಮ್ಮಿ ಇದ್ರೆ ವರ್ಷಪೂರ್ತಿ ಆರ್ಡರ್ ನಿಮ್ಗೇ!"

ಹೇಳಿದವಳು ಮೇಘಶ್ರೀ, ದುರ್ಗದ ಹಾಸ್ಟೆಲ್‌ಗಳಿಗೆ ತರಕಾರಿ ಕೊಳ್ಳುವವಳು. ಅವಳು ಒಪ್ಪಿದರೆ ಬಾಡಿದ ಸೊಪ್ಪಿಗೆ ನೀರು ಚಿಮುಕಿಸುತ್ತ ಸಂತೆಯಲ್ಲಿ ಕೂಗುವ ಕರ್ಮ ಇವತ್ತಿಗೇ ಮುಗಿಯಿತು! ದೊಡ್ಡತಿಮ್ಮಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಈ ನೈಟ್ ರೇಟು ಅಂದರೇನು? ಕೇಳೋಣವೆಂದರೆ ಫೋನು ಕಟ್ಟಾಗಿತ್ತು.

ಪಕ್ಕದ ಹೊಲದ ಮುರುಗೇಶಪ್ಪ ಬದುವಿನ ಮೇಲಿಂದಲೇ ಉತ್ತರ ಕೊಟ್ಟ. ಅವನಿಗೆ ಗೊತ್ತಿಲ್ಲದ ವಿಷಯ ಹೋಬಳಿಯಲ್ಲೇ ಇರಲಿಲ್ಲ. ಗೊತ್ತಿದ್ದದ್ದು ಸರಿಯೋ ತಪ್ಪೋ, ಅದು ಬೇರೆ ಮಾತು.

"ಅಷ್ಟೂ ತಿಳಿಯಲ್ವೇನಪ್ಪ? ದುರ್ಗದಾಗೆ ಆಟೋದೋರು ರಾತ್ರಿಗೊಂದು ರೇಟು ಕೇಳಲ್ವ? ಈಗ ಸೊಪ್ಪಿಗೂ ಬಂದೈತೆ."

"ರಾತ್ರಿ ಸೊಪ್ಪು ತಗಳಾಕೆ ಯಾರು ಬರ್ತಾರೋ ಮಾರಾಯ?"

"ಅದ್ಕೇ ಹೇಳಾದು! ಯಾರೂ ಬರಲ್ಲ. ಬಾಯಿಮಾತಿಗೆ ಕಮ್ಮಿ ಹೇಳು, ನಿನ್ ಗಂಟೇನು ಹೋಗ್ತೈತೆ?"

ಹೆಂಡತಿ ಜಯಕ್ಕ ಸಿಡುಕಿದಳು. "ರೀ, ಅವ್ರ ಮಾತು ಕಟ್ಕಂಡು ಒಂದ್ ಮಡಿಗೆ ಆ ಬಿಳಿ ಗೊಬ್ಬರ ಸುರಿದ್ರಿ, ಎಲೆ ಮಿಂಚ್ತೈತೆ ಅಂತ. ಇದೊಂದು ಬಾಕಿ ಇತ್ತಾ?" ಇನ್ನೊಂದು ಮಡಿಗೆ ಅವಳೇ ಹಠ ಹಿಡಿದು ಹಳೇ ಅಮೋನಿಯಂ ಗೊಬ್ಬರ ಹಾಕಿಸಿದ್ದಳು.

ಮೇಘಶ್ರೀ ಸ್ಕೂಟರ್ ನಿಲ್ಲಿಸುವಷ್ಟರಲ್ಲೇ ದೊಡ್ಡತಿಮ್ಮಪ್ಪ ಎದುರಿಗೆ ಓಡಿದ.

"ಬರ್ರಿ ಮೇಡಂ, ಬರ್ರಿ! ನಮ್ದು ನೈಟ್ ರೇಟು ಭಾರಿ ಕಮ್ಮಿ! ಹಗಲಾದ್ರೆ ಕಟ್ಟಿಗೆ ಹತ್ತು, ರಾತ್ರಿಯಾದ್ರೆ ಬರೀ ಮೂರು! ಇಷ್ಟು ಜನದ ಮುಂದೆ ಹೇಳ್ತೀನಿ, ಮಾತು ಅಂದ್ರೆ ಮಾತು!"

ಬದುವಿನ ಮೇಲೆ ಸೇರಿದ್ದ ಅರ್ಧ ಊರು ಚಪ್ಪಾಳೆ ತಟ್ಟಿತು. ಕೇಳದೆಯೇ ರೇಟು ಸಿಕ್ಕಿತಲ್ಲ ಎಂದು ಮೇಘಶ್ರೀ ಅದನ್ನು ಹಾಸ್ಟೆಲಿಗೆ ವಾಟ್ಸಪ್ ಮಾಡಿ, ಎಲೆ ಹಿಂಡಿ ರಸದಲ್ಲಿ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿದಳು. ಬಿಳಿ ಗೊಬ್ಬರದ ಮಡಿಯ ರಸಕ್ಕೆ ಪಟ್ಟಿ ಬೀಟ್ರೂಟಿನಂತೆ ಕೆಂಪಾಯಿತು.

"ಇದ್ರಲ್ಲಿ ನೈಟ್ರೇಟ್ ವಿಪರೀತ, ತಿನ್ನೋರಿಗೆ ಒಳ್ಳೇದಲ್ಲ. ಗೊಬ್ಬರದಲ್ಲೇ ಇತ್ತು, ಗಿಡ ಗಟಗಟ ಕುಡಿದು ಎಲೇಲಿ ಕೂಡಿಟ್ಕೊಂಡಿದೆ. ಈ ಮಡಿ ಬೇಡ."

ನೈಟ್ರೇಟು ರೇಟಲ್ಲ, ಸೊಪ್ಪಿನೊಳಗೆ ಸೇರುವ ವಸ್ತು ಎಂದು ದೊಡ್ಡತಿಮ್ಮಪ್ಪನಿಗೆ ಹೊಳೆದದ್ದೇ ಆಗ. ಎರಡನೇ ಮಡಿಯ ರಸ ಬಂತು. "ಇದ್ಕೆ ಹಾಕಿರಾದು ಅಮೋನಿಯಂ ಗೊಬ್ಬರ," ಎಂದಳು ಜಯಕ್ಕ. ಪಟ್ಟಿ ಬರೀ ತಿಳಿ ಗುಲಾಬಿ!

"ಅಮೋನಿಯಂ ಆದ್ರೆ ಗಿಡ ಬೇರಲ್ಲೇ ಅರಗಿಸ್ಕೊಳ್ಳುತ್ತೆ, ಎಲೇಲಿ ಅಷ್ಟು ಸೇರಲ್ಲ. ಇದು ಪಾಸ್! ಆರ್ಡರ್ ನಿಮ್ದೇ ಯಜಮಾನ್ರೇ!"

ದೊಡ್ಡತಿಮ್ಮಪ್ಪ ಹೆಂಡತಿಯ ಕೈ ಹಿಡಿದು ಎಲ್ಲರೆದುರು ಕುಣಿದೇಬಿಟ್ಟ. ಜಯಕ್ಕ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಒಂದೇ ವಿಷಯ," ಎಂದಳು ಮೇಘಶ್ರೀ. "ಬೆಳಗ್ಗೆ ಕೊಯ್ಬೇಡಿ. ದಿನವೆಲ್ಲ ಬಿಸಿಲು ಕಂಡ ಎಲೇಲಿ ನೈಟ್ರೇಟ್ ಇನ್ನೂ ಇಳಿದಿರುತ್ತೆ. ಸಂಜೆ ಕೊಯ್ದಿಡಿ, ನಮ್ಮ ಗಾಡಿ ದಿನಾ ರಾತ್ರೀನೇ ಬರುತ್ತೆ."

"ರಾ... ರಾತ್ರಿನಾ?"

"ಹೂಂ. ಕಟ್ಟಿಗೆ ಮೂರೇ ಅಂದಿದ್ದಕ್ಕೆ ಹಾಸ್ಟೆಲ್‌ನೋರು ತಕ್ಷಣ ಒಪ್ಪಿದ್ರು!"

ದೊಡ್ಡತಿಮ್ಮಪ್ಪ ಮಡಿಯ ಅಂಚಿನಲ್ಲಿ ಕುಸಿದು ಕೂತ. ಮುರುಗೇಶಪ್ಪ ಮಾತ್ರ ಟವೆಲ್ ಬೀಸುತ್ತ ಊರಿಗೆಲ್ಲ ಕೇಳುವಂತೆ ಕೂಗಿದ:

"ನಾನ್ ಹೇಳ್ಲಿಲ್ವೇನ್ರಪ್ಪ, ನೈಟ್ ರೇಟು ಕಮ್ಮಿ ಇದ್ರೆ ಆರ್ಡರ್ ಗ್ಯಾರಂಟಿ ಅಂತ!"