ಆಯುಧಪೂಜೆಗೆ ಕೂತ ಬ್ಯಾಟರಿಗಳು

ವಡೋದರಾಕ್ಕೆ ವರ್ಗವಾಗಿ ಬಂದ ಮೇಲೆ ನಾನೊಂದು ಹಳೇ ವ್ಯಾನು ಕೊಂಡೆ. ಹಿಂದಿನ ಸೀಟುಗಳನ್ನು ತೆಗೆಸಿ, ಮಲಗಲು ಹಲಗೆ, ಗ್ಯಾಸ್ ಒಲೆ, ಪಾತ್ರೆ ಇಡಲು ಗೂಡು ಎಲ್ಲ ಮಾಡಿಸಿದೆ. ಒಂದು ಬ್ಯಾಟರಿ ಮತ್ತು ಪುಟ್ಟ ಇನ್ವರ್ಟರಿನ ದಯೆಯಿಂದ ಒಂದು ಬಲ್ಬೂ ಉರಿಯುತ್ತಿತ್ತು. ಅದು ಉರಿಯುತ್ತಿದೆಯೇ ಎಂದು ನೋಡಲು ಟಾರ್ಚ್ ಬೇಕಿತ್ತು! ಮಂಜಲ್‌ಪುರದ ನಮ್ಮ ಹೌಸಿಂಗ್ ಸೊಸೈಟಿಯವರು ವ್ಯಾನನ್ನು 'ಸಾಹೇಬರ ಬಂಗಲೆ' ಎನ್ನುತ್ತಿದ್ದರು. ನಾನದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಆ ವರ್ಷ ನವರಾತ್ರಿಗೆ ಹಾಸನದಿಂದ ನಮ್ಮತ್ತೆ ಬಂದರು. ದ್ವಾರಕೆ ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಆದರೆ ಹೋಟೆಲಿನ ನೀರನ್ನೂ ಮುಟ್ಟದ ಮಡಿಯವರು. ಹಾಗಾಗಿ ಪ್ರತಿ ಸಲವೂ ದ್ವಾರಕೆ ಮುಂದಕ್ಕೆ ಹೋಗುತ್ತಿತ್ತು. ಅಡುಗೆಮನೆಯೇ ಜೊತೆಗೆ ಬರುವ ವ್ಯಾನು ನೋಡಿ ಮೊದಲ ಬಾರಿಗೆ ಹೂಂ ಎಂದರು. ಮಂಡಿನೋವು ಜಾಸ್ತಿಯಾಗಿದೆ, ಇನ್ನೊಂದು ಸಲ ಇಷ್ಟು ದೂರ ಬರುವುದು ಸುಳ್ಳು ಎಂದೂ ಸೇರಿಸಿದರು. ಅದನ್ನು ಕೇಳಿ ನನಗೆ ಸಂಕಟವಾಯಿತು. ಏನೇ ಆಗಲಿ, ವಿಜಯದಶಮಿಯ ಬೆಳಿಗ್ಗೆ ಹೊರಡುವುದೆಂದು ನಿಶ್ಚಯಿಸಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ದಾರಿಯಲ್ಲಿ ಅತ್ತೆಗೆ ಫ್ಯಾನು ಬೇಕು, ಚಟ್ನಿಗೆ ಮಿಕ್ಸಿ ಬೇಕು ಎಂದು ನಾನೇ ತೀರ್ಮಾನಿಸಿದೆ. ಅವರು ಕೇಳಿರಲಿಲ್ಲ. ಫತೇಗಂಜಿನ ಅಂಗಡಿಯೊಂದರಿಂದ ದೊಡ್ಡ ಇನ್ವರ್ಟರ್, ಹೊಸ ಬ್ಯಾಟರಿ ಎರಡು ತಂದೆ. ಅಂಗಡಿಯವನು ತಾನೇ ಬಂದು ಜೋಡಿಸಿಕೊಡುತ್ತೇನೆಂದ. ನಾನು ನಕ್ಕುಬಿಟ್ಟೆ. ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು. ಇದಕ್ಕೊಬ್ಬ ಪುರೋಹಿತ ಬೇಕೇ?

ಮನೆಯಲ್ಲಿದ್ದ ದಪ್ಪ ವೈರೆಲ್ಲ ಕಪ್ಪು ಬಣ್ಣದ್ದು. ಯಾವುದು ಯಾವುದೆಂದು ಗೊತ್ತಾಗಲು ಕೆಂಪು ಗುರುತು ಬೇಕಿತ್ತು. ದೇವರ ಗೂಡಿನಿಂದ ಕುಂಕುಮ ತಂದು, ಎಣ್ಣೆಯಲ್ಲಿ ಕಲಸಿ, ಪ್ಲಸ್ಸಿನ ಕಡೆಯ ತುದಿಗಳಿಗೆಲ್ಲ ಬೊಟ್ಟಿಟ್ಟೆ. ಸ್ವಿಚ್ ಒತ್ತಿದರೆ ಫ್ಯಾನು ತಿರುಗಿತು, ಮಿಕ್ಸಿ ಗರ್ಜಿಸಿತು! ನನ್ನ ಹೆಂಡತಿ ಪದ್ಮ ಕೂಡ ಪರವಾಗಿಲ್ಲ ಎಂದಳು. ನನ್ನ ಸುವರ್ಣಯುಗವೆಂದರೆ ಅದೇ. ಆಯುಧಪೂಜೆಯವರೆಗೆ ನಡೆಯಿತು.

ಆಯುಧಪೂಜೆಯ ದಿನ ಅತ್ತೆ, ಹೊಸ ಬ್ಯಾಟರಿಗಳನ್ನು ವ್ಯಾನಿನ ಮೂಲೆಯಲ್ಲಿ ಬಿಟ್ಟು ಸುತ್ತಿಗೆ, ಸ್ಪ್ಯಾನರ್‌ಗೆ ಮಾತ್ರ ಪೂಜೆ ಮಾಡುವುದು ಶ್ರೇಯಸ್ಸಲ್ಲ ಎಂದರು. ಸರಿ, ಬಿಚ್ಚಿ ತಂದು ದೇವರ ಮುಂದೆ ಮಣೆಯ ಮೇಲೆ ಕೂರಿಸಿದೆ. ವೈರುಗಳನ್ನೂ ಸುತ್ತಿ ಪಕ್ಕದಲ್ಲಿಟ್ಟೆ. ಆಮೇಲೆ ಸೊಸೈಟಿಯ ಗರ್ಬಾ ಪೆಂಡಾಲಿಗೆ ಕುರ್ಚಿ ಹಾಕಿಸಲು ಹೋದೆ. ಬರುವಷ್ಟರಲ್ಲಿ ಪೂಜೆ ಮುಗಿದಿತ್ತು.

ಮರುದಿನ ಬೆಳಿಗ್ಗೆ ವ್ಯಾನಿನ ಚಕ್ರಗಳಡಿ ನಿಂಬೆಹಣ್ಣು ಇಟ್ಟಾಗಿತ್ತು. ಅತ್ತೆ ರೇಷ್ಮೆ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದರು. ನಾನು ಬ್ಯಾಟರಿ ಜೋಡಿಸಲು ಬಗ್ಗಿದೆ. ನೋಡಿದರೆ ನಾಲ್ಕು ತುದಿಗೂ ಕುಂಕುಮ! ವೈರುಗಳಿಗೂ ಕುಂಕುಮ. ಪ್ಲಸ್ಸು ಮೈನಸ್ಸು ಎಂದು ಅಚ್ಚು ಹಾಕಿದ್ದ ಜಾಗದ ಮೇಲೆ ಅರಿಶಿನ, ಗಂಧ ಮೆತ್ತಿ ಒಣಗಿತ್ತು. ಅತ್ತೆ ಯಾರಿಗೂ ಪಕ್ಷಪಾತ ಮಾಡಿರಲಿಲ್ಲ.

ಪದ್ಮ ಒದ್ದೆ ಬಟ್ಟೆ ತಂದಳು. ಹೊರಡುವ ಗಳಿಗೆಯಲ್ಲಿ ಪೂಜೆಯ ಕುಂಕುಮ ಅಳಿಸಬಾರದೆಂದು ಅತ್ತೆ ಅಲ್ಲಿಂದಲೇ ತಡೆದರು. ಯಾರನ್ನಾದರೂ ಕರೆಯೋಣವೆಂದು ಪದ್ಮ. ನಾನು ಮಾತ್ರ ತರ್ಕಕ್ಕೆ ಇಳಿದೆ. ನನ್ನ ಕುಂಕುಮ ಎಣ್ಣೆಯದ್ದು, ಅತ್ತೆಯದ್ದು ನೀರಿನದ್ದು. ಆದ್ದರಿಂದ ಹೊಳೆಯುವುದೇ ಪ್ಲಸ್ಸು. ಕನ್ನಡಕ ಒರೆಸಿಕೊಂಡು ಪರೀಕ್ಷಿಸಿದೆ. ದೀಪದ ಎಣ್ಣೆ ಚೆಲ್ಲಿ ಇನ್ನೊಂದು ತುದಿಯೂ ಹೊಳೆಯುತ್ತಿರಬಹುದೆಂದು ನನಗೆ ಹೊಳೆಯಲಿಲ್ಲ.

ಒಂದು ಬ್ಯಾಟರಿಯನ್ನು ಸರಿಯಾಗಿಯೇ ಜೋಡಿಸಿದ್ದೆ. ನೂರಕ್ಕೆ ಐವತ್ತು ಅಂಕ. ಎರಡನೆಯದನ್ನು ಮುಟ್ಟಿಸಿದ್ದೇ ತಡ, ಛಟೀರ್ ಎಂದು ಕಿಡಿ ಹಾರಿತು, ವೈರು ಕರಗಿತು, ಇನ್ವರ್ಟರ್ ಠುಸ್ಸೆಂದು ಹೊಗೆ ಬಿಟ್ಟಿತು. ನಾನು ಹಿಂದಕ್ಕೆ ಹಾರಿ ಅವಲಕ್ಕಿ ಡಬ್ಬಿಯ ಮೇಲೆ ಕೂತೆ. ವೈರು ತುಂಡಾದ್ದರಿಂದ ಬದುಕಿದೆ.

ಪಕ್ಕದ ಮನೆಯ ಕನುಭಾಯಿ ದಸರಾದ ತಿಂಡಿ ಫಾಫ್ಡಾ, ಜಲೇಬಿ ಹಿಡಿದು ಬರುತ್ತಿದ್ದರು. ಹೊಗೆ ನೋಡಿ ಬಾಗಿಲಲ್ಲೇ ನಿಂತರು. "ಅರೇ ಸಾಹೇಬ್, ರಾವಣ್ ತೋ ಶಾಮ್ ಕೋ ಜಲಾತೇ ಹೈಂ" ಎಂದರು. ಸಂಜೆ ಸುಡಬೇಕಾದ ರಾವಣನನ್ನು ಬೆಳಿಗ್ಗೆಯೇ ಸುಟ್ಟಿದ್ದೆ.

ನಾನೆದ್ದು ಮುಂದಿನ ಸೀಟಿನ ಕಡೆ ನೋಡಿದೆ. ಅಪಶಕುನವೆಂದು ಅತ್ತೆ ಇಳಿದುಬಿಟ್ಟರೆ ದ್ವಾರಕೆ ಮುಗಿದ ಕತೆ. ಅವರು ಇಳಿಯಲಿಲ್ಲ. ತಿರುಗಿ ನೋಡಿ, "ಅಳಿಯಂದ್ರೇ, ಗಾಡಿ ಓಡುತ್ತೋ ಇಲ್ವೋ?" ಎಂದರು.

"ಓಡುತ್ತೆ. ಎಂಜಿನ್ನಿಗೆ ಬೇರೆ ಬ್ಯಾಟರಿ. ಆದ್ರೆ ಮಿಕ್ಸಿ, ಫ್ಯಾನು..."

"ಕೃಷ್ಣ ಮಿಕ್ಸಿ ತಗೊಂಡು ಬಾ ಅಂದಿದ್ನಾ? ಹೊರಡಿ."

ಹೊರಟೆವು. ದಾರಿಯುದ್ದಕ್ಕೂ ಚಟ್ನಿಪುಡಿ, ಮೊಸರು, ಅವಲಕ್ಕಿ. ಕಿಟಕಿಯ ಗಾಳಿಯೇ ಫ್ಯಾನು. ದ್ವಾರಕೆಯಲ್ಲಿ ಅತ್ತೆ ದೇವರ ಮುಂದೆ ಕಣ್ಣುಮುಚ್ಚಿ ಬಹಳ ಹೊತ್ತು ನಿಂತರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ, ಇಷ್ಟು ವರ್ಷ ಕಾದು ಏನು ಬೇಡಿಕೊಂಡಿರಿ ಎಂದು ಮೆಲ್ಲಗೆ ಕೇಳಿದೆ.

"ಇನ್ನೇನು ಬೇಡ್ಕೊಳ್ಳಲಿ? ನೀವು ಇನ್ಮೇಲೆ ವೈರು ಮುಟ್ಟದ ಹಾಗೆ ನೋಡ್ಕೊಳ್ಳಪ್ಪ ಅಂದೆ."

ದ್ವಾರಕಾಧೀಶ ಭಕ್ತರ ಮಾತು ಮೀರುವವನಲ್ಲ. ಈಗ ನಮ್ಮ ಮನೆಯಲ್ಲಿ ಬಲ್ಬು ಬದಲಿಸುವಾಗ, ಸ್ಟೂಲು ಹಿಡಿದುಕೊಳ್ಳಲೂ ನನ್ನನ್ನು ಕರೆಯುವುದಿಲ್ಲ.