ಸಾಲದ ಹಾಳೆಗೆ ಇಪ್ಪತ್ತೈದಕ್ಕೆ ಹದಿನಾಲ್ಕು

"ಈ ಸಲ ಬ್ಯಾಂಕಿನವರು ನನ್ನ ಕೈಗೆ ಸಿಕ್ಕಿದ್ದಾರೆ!" ಎಂದು ಘೋಷಿಸಿ ಮೇಷ್ಟ್ರು ಸಾಲದ ಹಾಳೆ ಹಿಡಿದು ಊಟದ ಮೇಜಿನ ಮುಂದೆ ಕೂತರು. ಘೋಷಣೆಗೆ ಕಾರಣವಿತ್ತು. ಮನೆ ಸಾಲಕ್ಕೆ ಹೊಸ ನಿಯಮ ಬಂದಿತ್ತು. ಬಡ್ಡಿ, ಕಂತು, ಶುಲ್ಕ ಎಲ್ಲವನ್ನೂ ಬ್ಯಾಂಕು ಒಂದೇ ಹಾಳೆಯಲ್ಲಿ ಬಿಡಿಸಿ ಬರೆದು, ರುಜುವಿಗೆ ಮೂರು ದಿನ ಮೊದಲೇ ಮನೆ ಕೊಳ್ಳುವವರಿಗೆ ಕೊಡಬೇಕು. ಕೊಳ್ಳುವವರು ಓದಬೇಕು, ಒಪ್ಪಿದರೆ ರುಜು ಹಾಕಬೇಕು. ಹಾಳೆಯ ಮೇಲೆ ಗೀಚುವಂತಿಲ್ಲ. ಗೀಚಿದರೆ ಹೊಸ ಹಾಳೆ, ಮತ್ತೆ ಮೂರು ದಿನ.

ಮೇಷ್ಟ್ರ ರುಜು ಶುಕ್ರವಾರಕ್ಕೆ ಗೊತ್ತಾಗಿತ್ತು. ಅದು ದಾಟಿದರೆ ಮನೆ ಕೈಬಿಟ್ಟು ಹೋದಂತೆಯೇ, ಏಕೆಂದರೆ ಮಾರುವವರು ಇನ್ನೊಬ್ಬರಿಗೂ ಅರ್ಧ ಮಾತು ಕೊಟ್ಟಿದ್ದರು. ಹನ್ನೊಂದು ವರ್ಷ ಮೆಟ್ಟಿಲ ಕೆಳಗಿನ ಅಡುಗೆಮನೆಯಲ್ಲಿ ತಲೆ ತಗ್ಗಿಸಿಕೊಂಡೇ ಬೇಯಿಸಿದ್ದ ಹೆಂಡತಿಗೆ ಆ ಹೊಸ ಮನೆಯ ಅಡುಗೆಮನೆ ಕಿಟಕಿಯ ಮೇಲೆ ಪ್ರಾಣ.

"ಒಂದಕ್ಷರ ಬಿಡಲ್ಲ ನೋಡು," ಎಂದರು ಮೇಷ್ಟ್ರು.

"ಮೊದಲು ಆ ಉತ್ತರಪತ್ರಿಕೆ ಕಟ್ಟು ಆ ಕಡೆ ಇಡಿ. ಎರಡು ದೋಣಿ ಮೇಲೆ ಕಾಲಿಡ್ಬೇಡಿ," ಎಂದು ಹೇಳಿ ಹೆಂಡತಿ ತನ್ನ ಔಷಧದಂಗಡಿ ಕೆಲಸಕ್ಕೆ ಹೋದಳು.

ಮೇಷ್ಟ್ರು ಇಟ್ಟರೆ ತಾನೇ? ಒಂಬತ್ತನೇ ತರಗತಿಯ ನಲವತ್ತಮೂರು ಪತ್ರಿಕೆಗಳು ಬಾಕಿ ಇದ್ದವು. ಮಧ್ಯಾಹ್ನದ ಊಟ ಆಗಲೇ ಕಣ್ಣೆವೆಗೆ ಏರಿತ್ತು. ಆದರೆ ಇಪ್ಪತ್ತೆಂಟು ವರ್ಷ ಕೆಂಪು ಪೆನ್ನು ಹಿಡಿದ ಕೈಗೆ ಕಣ್ಣಿನ ಹಂಗೇ ಇಲ್ಲ. ಅದು ಪತ್ರಿಕೆಗಳನ್ನು ಮುಗಿಸಿ, ನಿಲ್ಲದೆ, ಪಕ್ಕದಲ್ಲಿದ್ದ ಸಾಲದ ಹಾಳೆಗೂ ನಡೆಯಿತು.

ಸಂಜೆ ಹೆಂಡತಿ ಹಾಳೆ ಎತ್ತಿ ನೋಡಿದಳು. ಬಡ್ಡಿ ದರದ ಪಕ್ಕ ‘ಉದಾಹರಣೆ ಕೊಡು’. ಕಂತಿನ ಪಕ್ಕ ‘ಲೆಕ್ಕದ ಹಂತ ತೋರಿಸು’. ಕೆಳಗೆ ಇಪ್ಪತ್ತೈದಕ್ಕೆ ಹದಿನಾಲ್ಕು, ಜೊತೆಗೆ ‘ಪೋಷಕರ ಸಹಿ ಮಾಡಿಸಿಕೊಂಡು ಬಾ’.

"ಇದೇನ್ರೀ ಇದು?"

"ಕೈತಪ್ಪಾಯ್ತು ಕಣೇ."

"ಬ್ಯಾಂಕಿನ ಪೋಷಕರನ್ನ ಎಲ್ಲಿಂದ ಕರ್ಕೊಂಡು ಬರ್ಲಿ?"

ಅಷ್ಟು ಹೇಳಿ ಆಕೆ ಹಾಳೆಯನ್ನು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿಕೊಂಡು ಮೆಟ್ಟಿಲ ಕೆಳಗಿನ ಅಡುಗೆಮನೆಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ರಾತ್ರಿ ಮೇಷ್ಟ್ರಿಗೆ ಅನ್ನ ಇಳಿಯಲಿಲ್ಲ.

ಮರುದಿನ, ಗುರುವಾರ, ಇಬ್ಬರೂ ಬ್ಯಾಂಕಿಗೆ ಹೋದರು. ಸಾಲದ ಅಧಿಕಾರಿ ಹೆಣ್ಣುಮಗಳು ತುಟಿ ಕಚ್ಚಿ ನಗು ತಡೆದುಕೊಂಡು ಹಾಳೆ ಓದುತ್ತಾ ಹೋದವಳು ಒಂದು ಕಡೆ ನಿಂತುಬಿಟ್ಟಳು.

"ಸರ್, ಏಳನೇ ಸಾಲಿಗೆ ತಪ್ಪು ಹಾಕಿದ್ದೀರಲ್ಲ."

"ಕ್ಷಮಿಸಿ ಮೇಡಂ, ಅಭ್ಯಾಸಬಲ."

"ನೀವು ಹಾಕಿದ್ದೇ ಸರಿ ಸರ್. ಈ ವಿಮೆ ನೀವು ಕೇಳೇ ಇಲ್ಲ. ನಿಮ್ಮ ಒಪ್ಪಿಗೆ ಇಲ್ದೆ ಸೇರಿಸೋ ಹಾಗಿಲ್ಲ. ತಪ್ಪು ನಮ್ದೇ."

ಹಾಗೇ ರುಜು ಹಾಕಿದ್ದರೆ ಹದಿನೈದು ವರ್ಷ ಅದನ್ನೂ ಕಟ್ಟಬೇಕಿತ್ತು. ತಡ ತಮ್ಮಿಂದಲೇ ಆಯಿತೆಂದು ಅಧಿಕಾರಿಯೇ ಮನೆ ಮಾರುವವರಿಗೆ ಫೋನ್ ಮಾಡಿದಳು. ಅವರು ಸೋಮವಾರದವರೆಗೆ ಕಾಯಲು ಒಪ್ಪಿದರು. ಮೇಷ್ಟ್ರು ಆಕೆಗೆ ಮೂರು ಸಲ ಕೈಮುಗಿದು, ಹೊರಗೆ ಬರುವಾಗ ಕಾವಲುಗಾರನಿಗೂ ಒಂದು ಸಲ ಮುಗಿದರು.

ರಸ್ತೆಗಿಳಿಯುತ್ತಲೇ ಅವರ ಎದೆ ಉಬ್ಬಿತು. "ನೋಡಿದ್ಯಾ? ನಿದ್ದೇಲೂ ನನ್ನ ಪೆನ್ನು ತಪ್ಪು ಹಿಡಿಯತ್ತೆ."

"ಅದಕ್ಕೆ ನೀವು ರೈಟ್ ಹಾಕಿದ್ರಿ," ಎಂದಳು ಹೆಂಡತಿ. "ಹೇಗೂ ಹಾಳೆ ಕೆಟ್ಟಿತ್ತಲ್ಲ, ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ಕೂತು ಓದ್ದೆ. ನಿಮ್ಮ ರೈಟಿನ ಮೇಲೆ ಅಡ್ಡ ಒಂದು ಗೀಟೆಳೆದೆ. ರೈಟು ಹೋಗಿ ತಪ್ಪಾಯ್ತು."

ಮೇಷ್ಟ್ರು ನಡುರಸ್ತೆಯಲ್ಲೇ ನಿಂತರು. "ಒಳಗೇ ಯಾಕೆ ಹೇಳ್ಲಿಲ್ಲ?"

"ಆ ಹುಡುಗಿ ಎದುರು ನಿಮ್ಮ ಮಾನ ಹೋಗ್ಬೇಕಿತ್ತಾ?"

ಮನೆ ಉಳಿಯಿತು, ದುಡ್ಡು ಉಳಿಯಿತು, ಮಾನವೂ ಉಳಿಯಿತು. ಮೂರನ್ನೂ ಉಳಿಸಿದವಳು ಸೊಪ್ಪಿನ ಗಾಡಿಯ ಕಡೆ ಹೊರಟಿದ್ದಳು. ಮೇಷ್ಟ್ರು ಬೇಗಬೇಗ ಹೆಜ್ಜೆ ಹಾಕಿ ಆಕೆಯ ಜೊತೆಯಾದರು. "ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೇ," ಎಂದರು. ಇಷ್ಟು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಸಂಜೆ ಹೊಸ ಹಾಳೆ ಬಂತು. ಮೇಷ್ಟ್ರು ಅದನ್ನು ನೇರವಾಗಿ ಹೆಂಡತಿಯ ಮುಂದಿಟ್ಟು, ಏನೋ ವಿವರಿಸಲು ಬಾಯಿ ತೆರೆದರು.

ಆಕೆ ತಲೆ ಎತ್ತಲಿಲ್ಲ. "ಕೈಕಟ್ಟಿ ಕೂತ್ಕೊಳ್ಳಿ," ಎಂದಳು. "ನಾನು ಮುಗಿಸೋವರೆಗೂ ಸದ್ದು ಕೇಳಿಸ್ಬಾರ್ದು."

ಮೇಷ್ಟ್ರು ಕೈಕಟ್ಟಿ ಕೂತರು.