ಕೊಂಬು ಹೆರೆದ ಬಾಲಕೃಷ್ಣ

ಮನುಷ್ಯನು ತನಗೆ ತಿಳಿಯದ ವಿಷಯದಲ್ಲಿ ಮೋಸಹೋದರೆ ದುಃಖಪಡುತ್ತಾನೆ. ತಾನು ಬಲ್ಲೆನೆಂದು ನಾಲ್ಕು ಊರಿಗೆ ಹೇಳಿಕೊಂಡ ವಿಷಯದಲ್ಲಿ ಮೋಸಹೋದರೆ ಆ ದುಃಖಕ್ಕೆ ಕುಳಿತುಕೊಳ್ಳಲು ಕೂಡ ಸ್ಥಳ ಸಿಗುವುದಿಲ್ಲ. ನಾಚಿಕೆಯೇ ಮನೆಯನ್ನೆಲ್ಲ ತುಂಬಿಕೊಂಡಿರುತ್ತದೆ. ನನಗೆ ಒದಗಿದ್ದು ಈ ಎರಡನೆಯ ಬಗೆಯದು. ತಮಿಳು ಸೀಮೆಯಲ್ಲಿರುವ ನಮ್ಮ ಕಾಮಯಗೌಂಡನ್‌ಪಟ್ಟಿಯಲ್ಲಿ ಯಾರು ಎತ್ತು ಕೊಂಡರೂ ಅದನ್ನು ಕೊಟ್ಟಿಗೆಗೆ ಕಟ್ಟುವ ಮುನ್ನ ನನ್ನ ಜಗುಲಿಯ ಮುಂದೆ ತಂದು ನಿಲ್ಲಿಸುವ ವಾಡಿಕೆಯಿದೆ. ನಮ್ಮ ಅಜ್ಜನವರು ಬಿಟ್ಟುಹೋದ ಒಂದು ಕಟ್ಟು ಓಲೆಗರಿ ನನ್ನಲ್ಲಿದೆ. ಎತ್ತಿನ ಮೈಮೇಲೆ ಕೂದಲು ಎಲ್ಲೆಲ್ಲಿ ಸುಳಿಯಾಗಿ ಸುತ್ತಿಕೊಂಡಿದೆ, ಯಾವ ಸುಳಿ ಮನೆಗೆ ಶುಭ, ಯಾವುದು ಯಜಮಾನನಿಗೆ ಆಗದು ಎಂಬುದೆಲ್ಲ ಅದರಲ್ಲಿದೆ. ಸ್ನಾನ ಮುಗಿಸಿ, ಹಣೆಗೆ ನಾಮವಿಟ್ಟು, ತುಳಸಿಗೆ ನೀರೆರೆದು ನಾನು ಹೊರಗೆ ಬಂದು, ಎತ್ತನ್ನು ಮೂರು ಸುತ್ತು ಬಂದು, "ಕಟ್ಟಿಕೊಳ್ಳಪ್ಪಾ" ಎಂದರೆ ಅವರು ಕಟ್ಟಿಕೊಳ್ಳುತ್ತಾರೆ. ತಲೆಯಾಡಿಸಿದರೆ ಮುಂದಿನ ವಾರದ ಸಂತೆಗೆ ಹೊಡೆದುಕೊಂಡು ಹೋಗುತ್ತಾರೆ.

ಈ ಶಾಸ್ತ್ರದಲ್ಲಿ ಒಂದು ಸಣ್ಣ ಕೊರತೆಯಿದೆ. ಎತ್ತು ಮುಂದೆ ನಮ್ಮ ಮನೆಗೆ ಏನು ಮಾಡೀತೆಂದು ಸುಳಿ ಹೇಳುತ್ತದೆ. ಹಿಂದೆ ಬೇರೆಯವರ ಮನೆಯಲ್ಲಿ ಎಷ್ಟು ವರ್ಷ ದುಡಿದಿದೆಯೆಂದು ಹೇಳುವುದಿಲ್ಲ. ಅದನ್ನು ತಿಳಿಯಲು ಬಾಯಿ ತೆರೆದು ಹಲ್ಲು ನೋಡಬೇಕು. ಎರಡು ಹಲ್ಲು, ನಾಲ್ಕು, ಆರು. ಎಂಟಾದರೆ ಬಾಯಿ ಕೂಡಿತು. ಅಲ್ಲಿಂದಾಚೆಗೆ ಕೊಂಬಿನ ಬುಡದಲ್ಲಿ ವರ್ಷಕ್ಕೊಂದರಂತೆ ಏಳುವ ಬಳೆಗಳನ್ನು ಎಣಿಸಬೇಕು. ಇದೆಲ್ಲ ನನಗೆ ತಿಳಿಯದ್ದೇನಲ್ಲ. ಆದರೆ ಸ್ನಾನಮಾಡಿ ಮಡಿಯಲ್ಲಿರುವವನು ಎತ್ತಿನ ಎಂಜಲು ಬಾಯಿಗೆ ಮೊಣಕೈವರೆಗೆ ಕೈಯಿಡುವುದು ಹೇಗೆ? ಆದಕಾರಣ ಹಲ್ಲಿನ ವಿಚಾರವನ್ನು ನಾನು ಲೋಕಕ್ಕೆ ಬಿಟ್ಟು, ಕೊಂಬಿನ ಮೇಲೆ ಒಮ್ಮೆ ಕಣ್ಣಾಡಿಸಿ, ಸುಳಿಗೆ ಹೋಗಿಬಿಡುತ್ತಿದ್ದೆ.

ಆ ವರ್ಷ ನನ್ನ ಮಗಳು ರಂಗುವನ್ನು ಮೊದಲ ಸಲ ಗಂಡನ ಮನೆಗೆ, ದಿಂಡಿಗಲ್ಲಿಗೆ, ಬಿಟ್ಟುಬರಬೇಕಾಗಿತ್ತು. ತಮಿಳು ಲೆಕ್ಕದ ಕಾರ್ತಿಕ ಮಾಸದ ಕೊನೆಯ ಶುಕ್ರವಾರ ಬೆಳಿಗ್ಗೆ, ರಾಹುಕಾಲ ಹುಟ್ಟುವುದಕ್ಕೆ ಮುಂಚೆ, ಅವಳು ಬಲಗಾಲಿಟ್ಟು ಹೊಸಿಲು ದಾಟಬೇಕೆಂದು ಬೀಗರು ಗೊತ್ತುಮಾಡಿ ಕಳುಹಿಸಿದ್ದರು. ಅದು ತಪ್ಪಿದರೆ ಹಿಂದೆಯೇ ಧನುರ್ಮಾಸ. ಹೆಣ್ಣನ್ನು ಮನೆತುಂಬಿಸಿಕೊಳ್ಳಲು ಆಗದ ತಿಂಗಳು. ಬಾಗಿಲವರೆಗೆ ಹೋದ ಮಗಳನ್ನು ಹಿಂದಕ್ಕೆ ಕರೆತಂದರೆ ಜನ ಆಡದೆ ಬಿಡುವರೇ? ಇಂಥ ಸಮಯದಲ್ಲಿ ನನ್ನ ಜೋಡೆತ್ತಿನಲ್ಲಿ ಒಂದು ಸತ್ತುಹೋಯಿತು. ಬೆಟ್ಟದ ಮೇಲೆ ಅಣೆಕಟ್ಟೆಯ ಕೆಲಸ ನಡೆಯುತ್ತಿದ್ದ ಕಾಲ ಅದು. ಕಣಿವೆಯಲ್ಲಿ ನಾಲ್ಕು ಕಾಲಿದ್ದು ನಡೆಯಬಲ್ಲ ಎತ್ತುಗಳೆಲ್ಲ ಸುಣ್ಣ ಹೇರಿಕೊಂಡು ಘಟ್ಟ ಹತ್ತುತ್ತಿದ್ದವು. ಒಳ್ಳೆಯ ಎತ್ತು ಸಂತೆಗೆ ಬರುವುದೇ ಅಪರೂಪವಾಗಿತ್ತು.

ಆದರೂ ಚಿನ್ನಮನೂರು ಸಂತೆಯಲ್ಲಿ ಒಂದು ಬಿಳಿಯ ಎತ್ತು ಕಣ್ಣಿಗೆ ಬಿದ್ದಿತು. ದಲ್ಲಾಳಿ ನನ್ನ ನಾಮವನ್ನು ನೋಡಿದನು, ಮಡಿಪಂಚೆಯನ್ನು ನೋಡಿದನು, ಎರಡು ಹೆಜ್ಜೆ ಹಿಂದಕ್ಕೆ ಸರಿದು ಕೈಮುಗಿದನು.

"ಆರು ಹಲ್ಲು ಸಾಮಿ. ಇನ್ನೂ ಕೊಳಂದೆ, ಮಗು. ಬಾಯಿ ತೆಗ್ದು ತೋರ್ಸ್ಲಾ?"

"ಬೇಡಪ್ಪಾ, ಮಡಿಯಲ್ಲಿದ್ದೀನಿ."

"ಅದ್ಸರಿ. ಹಲ್ಲು ನೋಡೋದು ನಮ್ಮಂತೋರು. ಸಾಮಿಗೆ ನಿಂತ್ಕೊಂಡ್ರೇ ತಿಳೀತದೆ."

ನಿಂತುಕೊಂಡೇ ತಿಳಿದುಕೊಂಡೆನು. ಹಣೆಯ ಸುಳಿ ಬರೆದಿಟ್ಟಂತಿತ್ತು, ಬೆನ್ನಿನ ಸುಳಿ ಲಕ್ಷಣವಾಗಿತ್ತು. ಕೊಂಬುಗಳು ದೇವರ ವಿಗ್ರಹದ ಹಾಗೆ ನುಣ್ಣಗೆ ಎಣ್ಣೆಯಲ್ಲಿ ಹೊಳೆಯುತ್ತಿದ್ದವು, ಒಂದೂ ಬಳೆಯಿಲ್ಲ. ಕೊಂಬನ್ನು ಗಾಜಿನ ಚೂರಿನಿಂದ ಹೆರೆದು ಚಂದಮಾಡುವುದು ಸಂಕ್ರಾಂತಿಯ ಹೊತ್ತಿಗೆ ಎಲ್ಲರೂ ಮಾಡುವ ಕೆಲಸ. ಕಾರ್ತಿಕ ಮಾಸದಲ್ಲಿ ಇಷ್ಟು ಹೊಸದಾಗಿ ಹೆರೆದವರಾರು, ಏಕೆ, ಎಂದು ನಾನು ಕೇಳಬೇಕಾಗಿತ್ತು. ಹೆಗಲ ಮೇಲೆ ದಪ್ಪನಾಗಿ ಅರಿಸಿನ ಬಳಿದು ಕುಂಕುಮವಿಟ್ಟಿದ್ದರು. ನೋಡಿ ಭಕ್ತಿಯುಂಟಾಯಿತು. ಅದರ ಅಡಿಯಲ್ಲಿ ನೊಗ ಹೊತ್ತು ಹೊತ್ತು ಕಲ್ಲಾದ ಚರ್ಮವಿರಬಹುದೆಂದು ಕೆರೆದು ನೋಡಲು ಅರಿಸಿನ ಕುಂಕುಮಕ್ಕೆ ಯಾರು ಉಗುರು ಹಾಕುತ್ತಾರೆ? ಹಣೆ ಸವರಿದಾಗ ಕಣ್ಣಿನ ಸುತ್ತಲಿನ ಕಪ್ಪು ನನ್ನ ಬೆರಳಿಗೆ ಹತ್ತಿತು. ಪಾಪ, ದೃಷ್ಟಿಯಾಗದಿರಲೆಂದು ಕಾಡಿಗೆ ಹಚ್ಚಿದ್ದಾನೆ, ಎತ್ತಿನ ಮೇಲೆ ಎಷ್ಟು ಪ್ರೀತಿ ಎಂದು ದಲ್ಲಾಳಿಯನ್ನೇ ಮೆಚ್ಚಿಕೊಂಡೆನು. ಇನ್ನೂ ಎಳೆಯದೆಂಬ ವಾತ್ಸಲ್ಯದಿಂದ ಅದಕ್ಕೆ ಬಾಲಕೃಷ್ಣ ಎಂದು ಹೆಸರಿಟ್ಟು ಮನೆಗೆ ಹೊಡೆದುಕೊಂಡು ಬಂದೆನು.

ಸೋಮವಾರ ಬೆಳಿಗ್ಗೆ ಹೊರಟೆವು. ಗಾಡಿಯೊಳಗೆ ನನ್ನ ಹೆಂಡತಿ ಮತ್ತು ರಂಗು; ಮೂಕಿಯ ಮೇಲೆ ಹಗ್ಗ ಹಿಡಿದು ನನ್ನ ಹೆಂಡತಿಯ ತಮ್ಮ ತಿಮ್ಮಣ್ಣ; ಪಕ್ಕದಲ್ಲಿ ನಾನು. ಬಾಲಕೃಷ್ಣನ ನಡೆ ನೋಡಿದವರು ತಲೆದೂಗಬೇಕು, ಅಷ್ಟು ಗಂಭೀರವಾಗಿತ್ತು. ಚಿನ್ನಮನೂರು ದಾಟಿ ಸ್ವಲ್ಪ ದೂರ ಹೋಗಿದ್ದೇವೋ ಇಲ್ಲವೋ, ಅವನು ದಾರಿಯಿಂದ ತಾನಾಗಿ ಎಡಕ್ಕೆ ಹೊರಳಿ, ತಾಳೆಮರಗಳ ಕೆಳಗಿದ್ದ ಒಂದು ಗುಡಿಸಲ ಮುಂದೆ ನಿಂತು, ನೊಗ ಬಿಚ್ಚುವುದಕ್ಕೂ ಕಾಯದೆ ಮಂಡಿಯೂರಿ ಮಲಗಿಬಿಟ್ಟನು. ಅದು ಕಳ್ಳಂಗಡಿ.

ಒಳಗಿನಿಂದ ಅಂಗಡಿಯವನು ಓಡಿಬಂದನು. "ಅಡೇ ಕಿಳವಾ! ಇನ್ನೂ ಉಸಿರಿದೆಯಾ ನಿಂಗೆ!" ಎಂದು ಬಾಲಕೃಷ್ಣನ ಕೊರಳು ತಬ್ಬಿಕೊಂಡನು. ಕಿಳವ ಎಂದರೆ ತಮಿಳಿನಲ್ಲಿ ಮುದುಕ. ಆಮೇಲೆ ತಲೆಯೆತ್ತಿ ನನ್ನನ್ನೂ ನನ್ನ ನಾಮವನ್ನೂ ನೋಡಿ, "ಸಾಮಿ, ನೀವುಮಾ? ನೀವೂನಾ?" ಎಂದನು.

"ನಾವು ಗಿರಾಕಿಗಳಲ್ಲಪ್ಪಾ. ಈ ಎತ್ತು ಹೊಸದು. ಆರು ಹಲ್ಲಿನದು, ದಾರಿ ತಿಳಿಯದೆ ಹೊರಳಿತು."

ಅಂಗಡಿಯವನು ನಕ್ಕ ನಗೆ ಈಗಲೂ ನನ್ನ ಕಿವಿಯಲ್ಲಿದೆ. "ಆರು ಹಲ್ಲು ಉಳಿದಿದ್ರೆ ಪುಣ್ಯ ಸಾಮಿ! ನಾನು ಈ ಅಂಗಡಿ ಹಾಕಿದಾಗ್ಲೇ ಇದು ಬಾಯಿ ಕೂಡಿದ ಎತ್ತು. ಅವತ್ತು ನನ್ನ ಮಗಳು ತೊಟ್ಟಿಲಲ್ಲಿ. ಮೊನ್ನೆ ಅವಳ ಮದುವೆ ಆಯ್ತು. ಇದರ ಹಳೇ ಯಜಮಾನ ದಿಂಡಿಗಲ್ಲಿಗೆ ಹೊಗೆಸೊಪ್ಪಿನ ಗಾಡಿ ಹೊಡೀತಿದ್ದ. ಒಂದು ಅಂಗಡಿ ಬಿಟ್ಟೋನಲ್ಲ."

ಗಾಡಿಯ ಚಾಪೆಯ ಹಿಂದಿನಿಂದ ನನ್ನ ಹೆಂಡತಿಯ ಧ್ವನಿ ಬಂದಿತು. "ಸುಳಿ ಚೆನ್ನಾಗಿತ್ತಾ, ಕೇಳು ತಿಮ್ಮಾ ನಿಮ್ಮ ಬಾವನ್ನ."

"ಕೋಲು ತೆಗೆದು ಎಬ್ಬಿಸು" ಎಂದೆ ತಿಮ್ಮಣ್ಣನಿಗೆ. ಅಂಗಡಿಯವನು ಅಡ್ಡಬಂದನು. ಹೊಡೆದರೆ ಅದು ಏಳುವುದಿಲ್ಲವಂತೆ. ಯಜಮಾನ ಅಂಗಡಿಯೊಳಗೆ ಹೋಗಿ, ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದು, ಅದರ ಮೂಗಿನ ಬಳಿ ಬಾಗಿ "ಪೋಲಾಮಾ ರಾಸಾ", ಎಂದರೆ ಹೋಗೋಣವೇ ರಾಜಾ, ಎಂದು ಕೇಳಬೇಕಂತೆ. ಹದಿಮೂರು ವರ್ಷದ ಅಭ್ಯಾಸ.

ತಿಮ್ಮಣ್ಣ ಆಗಲೇ ಗಾಡಿಯಿಂದ ಇಳಿದಾಗಿತ್ತು. "ನೀವು ಮಡೀಲಿದ್ದೀರಿ ಬಾವಾ, ನೀವು ಕೂತ್ಕೊಳ್ಳಿ. ಅಕ್ಕನ ಮಗಳ ಕೆಲಸ, ನಾನು ಮಾಡ್ತೀನಿ" ಎಂದು ಒಳಗೆ ಹೋದನು. ಬಾಯಿ ಒರೆಸಿಕೊಂಡು ಬಂದು ಕೇಳಿದನು. ಬಾಲಕೃಷ್ಣ ಮೂಗರಳಿಸಿ ಮೂಸಿ ನೋಡಿ ಎದ್ದು ಹೊರಟನು.

ತೇನಿಗೆ ಬರುವಷ್ಟರಲ್ಲಿ ಮತ್ತೊಂದು, ತೇನಿಯಲ್ಲಿ ಒಂದು, ಪೆರಿಯಕುಳದ ಹಾದಿಯಲ್ಲಿ ಹೊಂಗೆಮರದ ಕೆಳಗೊಂದು. ಕೊಂಬಿನ ಮೇಲಿನ ಬಳೆಗಳನ್ನು ಗಾಜಿನಿಂದ ಹೆರೆದು ತೆಗೆಯಬಹುದು. ಎತ್ತಿನ ಕಾಲಿನೊಳಗೆ ಕೂತಿರುವ ದಾರಿಯನ್ನು ಯಾವ ದಲ್ಲಾಳಿ ಹೆರೆದಾನು? ಒಂದೊಂದು ಅಂಗಡಿಯಲ್ಲೂ ಅವನ ಆಯುಷ್ಯದ ಒಂದೊಂದು ಅಧ್ಯಾಯವನ್ನು ಯಾರಾದರೊಬ್ಬರು ಓದಿ ಹೇಳುತ್ತಿದ್ದರು. ಬರಗಾಲದ ವರ್ಷ ಅವನು ಎಳೆದ ಹೇರು, ಹೊಳೆ ಬಂದಾಗ ಈಜಿ ದಾಟಿದ್ದು, ಅವನ ಜೊತೆಯ ಮೂರು ಎತ್ತುಗಳು ಒಂದರ ಹಿಂದೊಂದು ಸತ್ತದ್ದು. ನನಗೂ ಅವನ ಮೇಲೆ ಗೌರವ ಮೂಡಿತು. ಬಾಲಕೃಷ್ಣ ಎಂದು ಏಕವಚನದಲ್ಲಿ ಕರೆಯಲು ಸಂಕೋಚವಾಗತೊಡಗಿತು.

ಇತ್ತ ತಿಮ್ಮಣ್ಣನ ಕಣ್ಣು ಅಂಗಡಿಯಿಂದ ಅಂಗಡಿಗೆ ಕೆಂಪಾಗುತ್ತಿತ್ತು. "ಬರೀ ಬಾಯಿ ಒರೆಸ್ಕೊಳ್ಳೋದು ತಾನೇ?" ಎಂದು ಕೇಳಿದರೆ, "ಅದು ಮೂಸಿ ನೋಡ್ತದೆ ಬಾವಾ. ಬಾಯಿಲ್ಲದ ಜೀವಕ್ಕೆ ಮೋಸ ಮಾಡಬಾರದು" ಎಂದು ಧರ್ಮ ಹೇಳಿದನು. ಬತ್ತಲಗುಂಡು ತಲಪಿದಾಗ ಆ ಧರ್ಮಾತ್ಮನಿಗೆ ಹಗ್ಗ ಯಾವುದು, ಎತ್ತಿನ ಬಾಲ ಯಾವುದು ಎಂಬ ಭೇದ ಅಳಿದಿತ್ತು. ಶುಕ್ರವಾರ ಬೆಳಿಗ್ಗೆ ದಿಂಡಿಗಲ್ಲಿನ ಕೋಟೆಬಂಡೆ ಕಾಣಿಸಿದಾಗ ಅವನು ಗಾಡಿಯ ಹಿಂಭಾಗದಲ್ಲಿ ಹುಲ್ಲಿನ ಮೇಲೆ ಗಂಟುಮೂಟೆಗಳ ಜೊತೆ ಇನ್ನೊಂದು ಮೂಟೆಯಾಗಿ ಮಲಗಿದ್ದನು. ಹಗ್ಗ ನನ್ನ ಕೈಯಲ್ಲಿತ್ತು.

ಬೀಗರ ಬೀದಿ ಬಂದಿತು. ಮನೆಯ ಮುಂದೆ ಚಪ್ಪರ, ಜಗುಲಿಯ ಮೇಲೆ ಬೀಗರು, ಬಾಗಿಲಲ್ಲಿ ಆರತಿ ತಟ್ಟೆ ಹಿಡಿದ ಹೆಂಗಸರು, ಎಲ್ಲ ಕಣ್ಣಿಗೆ ಕಾಣುತ್ತಿದೆ. ರಾಹುಕಾಲಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ನಾನು ಗೋಪಾಲಸ್ವಾಮಿಯನ್ನು ನೆನೆದು ಕಣ್ಣು ಮುಚ್ಚಿ ಕೈಮುಗಿದೆನು. ಕಣ್ಣು ತೆರೆದಾಗ ಬಾಲಕೃಷ್ಣ ಬೀದಿಯ ಮೂಲೆಯ ಕಳ್ಳಂಗಡಿಯ ಮುಂದೆ ಮಲಗಿದ್ದನು.

"ತಿಮ್ಮಾ! ಏಳೋ ತಿಮ್ಮಾ!" ಎಂದು ನನ್ನ ಹೆಂಡತಿ ತಮ್ಮನನ್ನು ಅಲುಗಾಡಿಸಿದಳು. ಅವನು "ಪೋಲಾಮಾ ರಾಸಾ" ಎಂದು ನಕ್ಕು ಮಗ್ಗುಲು ಬದಲಿಸಿದನು. ರಂಗುವನ್ನು ಇಳಿಸಿ ನಡೆಸಿಕೊಂಡು ಹೋಗೋಣವೆಂದರೆ, ಹೊಸ ಮದುಮಗಳು ಕಳ್ಳಂಗಡಿಯ ಮುಂದೆ ಗಾಡಿಯಿಳಿದು ಬಂದಳೆಂಬ ಮಾತು ಅವಳ ಮೊಮ್ಮಕ್ಕಳವರೆಗೂ ಉಳಿಯುತ್ತದೆ. "ಅಪ್ಪಾ, ಅವರೆಲ್ಲ ನೋಡ್ತಾವ್ರೆ" ಎಂದಳು ಮಗು, ಅಳುವ ಧ್ವನಿಯಲ್ಲಿ.

"ಇನ್ನೇನು ನೋಡ್ತೀರಿ? ಇಳೀರಿ. ಓಗಿ ಬಾಯಿ ಒರೆಸ್ಕೊಂಡ್ ಬರ್ರಿ" ಎಂದಳು ಹೆಂಡತಿ.

ಇಳಿದೆನು. ಜೀವಮಾನದಲ್ಲಿ ಮೊದಲ ಸಲ ಆ ಬಗೆಯ ಹೊಸಿಲನ್ನು ದಾಟಿದೆನು. ಅದನ್ನೂ ಬಲಗಾಲಿಟ್ಟೇ ದಾಟಿದೆನೆಂದು ಆಮೇಲೆ ನೆನಪಾಯಿತು. ಒಳಗಿದ್ದವನು ಮಡಕೆ ಎತ್ತಿದನು. "ನನಗೆ ಏನೂ ಬೇಡಪ್ಪಾ. ಸುಮ್ಮನೆ ಬಾಯಿ ಒರೆಸಿಕೊಂಡು ಹೋಗುತ್ತೇನೆ" ಎಂದೆ.

"ದೊಡ್ಡೋರೆಲ್ಲ ಹಂಗೇ ಹೇಳ್ಕೊಂಡು ಒಳಗೆ ಬರ್ತಾರೆ ಸಾಮಿ. ಆ ಮೂಲೇಲಿ ಕೂತ್ರೆ ಹೊರಗೆ ಕಾಣಲ್ಲ."

ಕೂರದೆ ಹೊರಗೆ ಬಂದು, ಬಾಯಿ ಒರೆಸಿಕೊಂಡು, ಬಾಗಿ ಕೇಳಿದೆ. ಬಾಲಕೃಷ್ಣ ಮೂಸಿ ನೋಡಿ, ಇವನು ಸುಳ್ಳುಗಾರನೆಂಬಂತೆ ಮುಖ ತಿರುಗಿಸಿಕೊಂಡನು. ಜಗುಲಿಯ ಮೇಲೆ ಬೀಗರು ಎದ್ದು ನಿಂತಿದ್ದರು. ನಾನು ಮತ್ತೆ ಒಳಗೆ ಹೋದೆನು. ಹೆಗಲ ಮೇಲಿನ ಅಂಗವಸ್ತ್ರದ ಸೆರಗನ್ನು ಆ ಮಡಕೆಯಲ್ಲಿ ಅದ್ದಿಸಿಕೊಂಡು, ಉಸಿರು ಕಟ್ಟಿ, ಮೀಸೆಯನ್ನೂ ಬಾಯಿಯನ್ನೂ ಚೆನ್ನಾಗಿ ಒರೆಸಿಕೊಂಡು ಹೊರಗೆ ಬಂದು, ಬೀದಿಗೆಲ್ಲ ಕೇಳುವಂತೆ, "ಪೋಲಾಮಾ ರಾಸಾ" ಎಂದೆನು. ಮಹಾನುಭಾವನು ಎದ್ದನು.

ರಂಗು ಬಲಗಾಲಿಟ್ಟು ಒಳಗೆ ಹೋದಳು. ರಾಹುಕಾಲ ಅವಳ ಹಿಂದೆ ಬಾಗಿಲಲ್ಲೇ ನಿಂತಿತು. ನನ್ನ ಕಣ್ಣಲ್ಲಿ ನೀರು ಬಂದಿತು. ಆನಂದದಿಂದಲೋ ಮೀಸೆಯ ವಾಸನೆಯಿಂದಲೋ ಹೇಳಲಾರೆ. ಅಷ್ಟರಲ್ಲಿ ಬೀಗರು ಬಂದು ನನ್ನನ್ನು ಅಪ್ಪಿಕೊಂಡರು. ಅಪ್ಪಿಕೊಂಡವರು ಒಂದು ಗಳಿಗೆ ಹಾಗೆಯೇ ನಿಂತು, ಮೂಗಿನಿಂದ ದೀರ್ಘವಾಗಿ ಉಸಿರೆಳೆದುಕೊಂಡರು.

ನಿಜವನ್ನು ಹೇಳಿಬಿಡಬೇಕೆಂದು ಬಾಯಿ ತೆರೆದೆನು. ಆದರೆ ನಿಜ ಹೇಳಬೇಕಾದರೆ ಮೊದಲು ಎತ್ತಿನಿಂದ ಪ್ರಾರಂಭಿಸಬೇಕು. ಓಲೆಗರಿ ಓದಿದವನು, ನಾಲ್ಕು ಊರಿನವರು ಎತ್ತು ತೋರಿಸಲು ಹುಡುಕಿಕೊಂಡು ಬರುವವನು, ಬೋಡುಬಾಯಿಯ ಮುದಿ ಎತ್ತನ್ನು ಕರುವೆಂದು ಕೊಂಡು ಹೆಸರಿಟ್ಟೆನೆಂದು ಆ ಜಗುಲಿಯ ಮೇಲೆ, ಅವರ ಬಂಧುಬಳಗದ ಮುಂದೆ, ನನ್ನ ಬಾಯಿಂದಲೇ ಹೇಳಬೇಕು. ಮಗಳ ಮಾವನ ದೃಷ್ಟಿಯಲ್ಲಿ ಕುಡುಕನಾಗುವುದು ಒಂದು ಕಡೆ, ಎತ್ತಿನ ವಯಸ್ಸು ತಿಳಿಯದವನಾಗುವುದು ಇನ್ನೊಂದು ಕಡೆ. ಭಗವಂತನ ಸಾಕ್ಷಿಯಾಗಿ ಹೇಳುತ್ತೇನೆ, ನಾನು ಹೆಚ್ಚು ಹೊತ್ತು ಯೋಚಿಸಲಿಲ್ಲ.

ಬೀಗರು ನನ್ನನ್ನು ಕಂಬದ ಮರೆಗೆ ಕರೆದುಕೊಂಡು ಹೋದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ದೊಡ್ಡದೊಂದು ಭಾರ ಇಳಿದಂಥ ಸಂತೋಷವಿತ್ತು. "ಬೀಗರೇ, ಇಂಥ ಮಡಿವಂತ್ರನ್ನ ಮೂರು ದಿನ ಎಂಗಪ್ಪಾ ಮನೇಲಿ ಇಟ್ಕೊಳ್ಳೋದು ಅಂತ ನಂಗೆ ನಿದ್ದೇನೇ ಇರಲಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ದಿನಾನೂ ಉಂಟಾ?" ಎಂದು ಕೇಳಿದರು.

"ಇಲ್ಲ ಬೀಗರೇ, ಪ್ರಯಾಣದಲ್ಲಿ ಮಾತ್ರ" ಎಂದೆನು.